ತಲೆ ಖಾಲಿ ಮಾಡಲು ಎರಡು ದಿನದ ಶಿಬಿರ

ಗಾಲ್ಫ್ ಚೆಂಡು 46 ಗ್ರಾಂ ಕೂಡ ತೂಗುವುದಿಲ್ಲ. ಓಡಿಹೋಗುವುದಿಲ್ಲ, ಅಟ್ಟಿಸಿಕೊಂಡೂ ಬರುವುದಿಲ್ಲ. ಇಂಥ ಸಾಧುವನ್ನು ಎದುರಿಸಲು ಮನೋಬಲ ಬೇಕಂತೆ. ಅದನ್ನು ಕಲಿಸಲು ಮಾರ್ಚ್‌ನಲ್ಲಿ ಬೆಂಗಳೂರಿಂದ ಒಬ್ಬರು ಮೈಂಡ್ ಕೋಚ್ ವಿರಾಜಪೇಟೆ ಕಡೆಗೆ ಬಂದಿದ್ದರು. ಪಂದಿ ಕರಿ ಊಟ ಸೇರಿ ಫೀಸು.

ಪಕ್ಕದ ತೋಟದ ಅಣ್ಣ ಮೊದಲು ಹೆಸರು ಕೊಟ್ಟರು. ಅವರೇನು ಅಂಜುಬುರುಕರಲ್ಲ. ಜನವರಿಯಲ್ಲಿ ಕಣದಲ್ಲಿ ಒಣಹಾಕಿದ್ದ ಕಾಫಿಯ ಮೇಲೆ ಒಂಟಿ ಸಲಗ ಬಂದು ನಿಂತಾಗ, ಕೈಯಲ್ಲಿದ್ದ ಲೋಟ ಕೆಳಗಿಡದೆ “ಹೋಗಪ್ಪಾ, ಹೋಗು” ಅಂದವರು. ಕೊಡವರ ಆಯುಧಹಬ್ಬ ಕೈಲ್ ಪೊಳ್ದ್‌ಗೆ ಮರದ ತುದಿಯ ತೆಂಗಿನಕಾಯಿಯನ್ನು ಗುಂಡಿಟ್ಟು ಉದುರಿಸುವ ಕೈ. ಅದೇ ಕೈ, ಮೂರಡಿ ದೂರದ 108 ಮಿಲಿಮೀಟರ್ ಕುಳಿಗೆ ಚೆಂಡು ತಳ್ಳುವಾಗ ನಡುಗುತ್ತದೆ!

ತಪ್ಪು ಆಟದ್ದೇ ಇರಬೇಕು. ಒಂದು ಹೊಡೆತಕ್ಕೆ ಹೆಚ್ಚೆಂದರೆ ಎರಡು ಸೆಕೆಂಡ್. ನೂರು ಹೊಡೆದರೂ ನಾಲ್ಕು ನಿಮಿಷ ಆಗಲ್ಲ. ಹದಿನೆಂಟು ಕುಳಿ ಮುಗಿಯಲು ಮಾತ್ರ ನಾಲ್ಕು ಗಂಟೆ. ಉಳಿದದ್ದೆಲ್ಲ ನಡಿಗೆ, ಚಿಂತೆ.

ಕೋಚ್ 1999ರ ಬ್ರಿಟಿಷ್ ಓಪನ್ ಕಥೆ ಹೇಳಿದರು. ಫ್ರಾನ್ಸಿನ ವಾನ್ ಡ ವೆಲ್ಡಗೆ ಗೆಲ್ಲಲು ಕೊನೆಯ ಕುಳಿಯಲ್ಲಿ ಆರು ಹೊಡೆತ ಸಾಕಿತ್ತು. ಚೆಂಡು ತೋಡಿಗೆ ಬಿತ್ತು. ಆತ ಶೂ ಬಿಚ್ಚಿ, ಪ್ಯಾಂಟ್ ಮಡಚಿ ನೀರಿಗಿಳಿದ. ಏಳು ಹೊಡೆತವಾಗಿ ಸ್ಕೋರು ಸಮವಾಯಿತು, ಪ್ಲೇಆಫ್‌ನಲ್ಲಿ ಕಪ್ಪೂ ಹೋಯಿತು.

“ಅಷ್ಟು ಇಳಿದವನು ಏಡಿನಾದ್ರೂ ಹಿಡೀಬೇಕಿತ್ತು,” ಅಂದರು ಅಣ್ಣ.

ಆಮೇಲೆ ಧ್ಯಾನ. “ಸರ್, ಯೋಚನೆ ಅಂದ್ರೆ ಮೋಡ ಇದ್ದ ಹಾಗೆ. ಬರಲಿ, ಹೋಗಲಿ. ಸುಮ್ನೆ ನೋಡ್ತಾ ಇರಿ.”

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಮೂರು ವಾರ. ಆ ಹೂ ಕಾಯಿಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಯ ಸುಳಿವಿಲ್ಲ. ಅಂಥ ಹೊತ್ತಲ್ಲಿ ಕೊಡಗಿನ ಬೆಳೆಗಾರನಿಗೆ, ಮೋಡ ಹೋದರೆ ಹೋಗಲಿ ಅನ್ನುವುದಾ? ಎಲ್ಲರೂ ಕಣ್ಣು ಬಿಟ್ಟು ಆಕಾಶ ನೋಡಿದರು.

“ಹೋಗೋಕೆ ಬಿಟ್ರೆ ಪಕ್ಕದವನ ತೋಟದಲ್ಲಿ ಸುರಿಯುತ್ತೆ, ಸಾರ್!”

ಎರಡನೇ ದಿನ ಮಧ್ಯಾಹ್ನ ಅಣ್ಣ ಉಸಿರೆಳೆದು, ನಿಧಾನಕ್ಕೆ ಬಿಟ್ಟು, ತಲೆ ಖಾಲಿ ಮಾಡಿಕೊಂಡು ಚೆಂಡಿನ ಮುಂದೆ ನಿಂತರು. ಕೈ ನಡುಗಲಿಲ್ಲ. ಆಗ ಚೆಂಡಿನ ಪಕ್ಕ ಟಪ್ ಅಂತ ಒಂದು ಹನಿ. ಇನ್ನೊಂದು. ಪಟರ್ ಕೋಲನ್ನು ಅಲ್ಲೇ ಬಿಸಾಡಿ ಜೀಪಿಗೆ ಓಡಿದರು.

“ಸರ್, ಈ ಕ್ಷಣದಲ್ಲಿ ಇರಿ, ಈ ಕ್ಷಣದಲ್ಲಿ!” ಕೋಚ್ ನೆನೆಯುತ್ತಾ ಕೂಗುತ್ತಿದ್ದರು.

ಸಂಜೆ ಅಣ್ಣನ ಫೋನ್, ಮಳೆ ಲೆಕ್ಕಕ್ಕೆ (ನೂರು ಸೆಂಟ್ ಅಂದರೆ ಒಂದು ಇಂಚು). “ನಮ್ಮಲ್ಲಿ ಎಂಬತ್ತು ಸೆಂಟ್. ನಿಮ್ಮಲ್ಲಿ ಎಷ್ಟು?”

ನಮ್ಮಲ್ಲಿ ಹತ್ತು. ಮುಂದಿನ ಶಿಬಿರ ಯಾವಾಗ ಅಂತ ಕೇಳಿದೆ.