ಆರು ಕೂಗು

ಹುರುಳಿಕಾಳಿಗೆ ನಮ್ಮ ಮನೆಯಲ್ಲಿ ಆರು ಕೂಗು. ರಾತ್ರಿಯಿಡೀ ನೆನೆಸಿದ್ದರೂ ಆರೇ. ಇದು ಅಮ್ಮ ಹಾಕಿಕೊಟ್ಟ ಲೆಕ್ಕ. ಕುಕ್ಕರ್ ಎರಡು ಸಲ ಬದಲಾಗಿದೆ, ಲೆಕ್ಕ ಬದಲಾಗಿಲ್ಲ. ಹೋದ ತಿಂಗಳು ಒಂದು ಗುರುವಾರ ನನ್ನವಳು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಾ ಆರು ಕೂಗು ಎಣಿಸಿದಳು. ಒಳಗೆ ಬಂದು ಒಲೆ ಆರಿಸಿದಳು. ಕಾಳು ಬಸಿದು ಬಸ್ಸಾರು, ಪಲ್ಯ ಮಾಡಿದಳು. ಊಟಕ್ಕೆ ಕೂತೆವು. ಅಮ್ಮ ಒಂದು ಕಾಳನ್ನು ಬಾಯಿಂದ ತೆಗೆದು ತಟ್ಟೆಯ ಅಂಚಿಗೆ ಹಾಕಿದಳು. ಟಣ್ ಅಂದಿತು.

"ಆರು ಕೂಗಿದೆ ಅತ್ತೆ. ನಾನೇ ಎಣಿಸಿದ್ದೀನಿ."

"ಕೂಗಿರಬಹುದು ಕಣವ್ವ. ಬೆಂದಿಲ್ಲ."

ನಾನು ತಲೆ ಎತ್ತದೆ ಮುದ್ದೆ ಮುರಿಯುತ್ತಿದ್ದೆ. ನನಗೆ ಆಗಲೇ ಹೊಳೆದಿತ್ತು. ಕುಕ್ಕರ್ ಕೂಗಿದ್ದು ಮೂರೇ ಸಲ. ಉಳಿದ ಮೂರನ್ನು ಕೂಗಿದ್ದು ನನ್ನ ರೇಡಿಯೋ.

ಅಡುಗೆಮನೆ ಪಕ್ಕದ ಉಗ್ರಾಣವೇ ನನ್ನ ಸ್ಟುಡಿಯೋ. ಒಂದು ಗೋಡೆಗೆ ರಾಗಿ ಮೂಟೆ, ಇನ್ನೊಂದಕ್ಕೆ ಪುಸ್ತಕದ ಕಪಾಟು, ಬಾಗಿಲಿಗೆ ಹಳೇ ಕಂಬಳಿ. ಸದ್ದು ಹೀರಲು ರಾಗಿ ಮೂಟೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಸ್ಟುಡಿಯೋಗೆ ಅಂತ ಅಂಟಿಸುವ ಸ್ಪಂಜಿನ ಹಾಳೆಗಳ ರೇಟು ನೋಡಿದ ಮೇಲಂತೂ ಈ ಮಾತಿನಲ್ಲಿ ನನಗೆ ಸಂಶಯ ಉಳಿದಿಲ್ಲ. ಪ್ರತಿ ಗುರುವಾರ ರಾತ್ರಿ ಏಳೂವರೆಯಿಂದ ಒಂದು ಗಂಟೆ ಅಲ್ಲಿ ಕೂತು ಇಂಟರ್ನೆಟ್ ರೇಡಿಯೋ ನಡೆಸುತ್ತೇನೆ. ಆ ವಾರ ಓದಿದ ವೈಜ್ಞಾನಿಕ ಕಥೆಗಳ ಬಗ್ಗೆ ಮಾತು, ನಡುನಡುವೆ ಒಂದಿಷ್ಟು ವಾದ್ಯಸಂಗೀತ. ಸಿನಿಮಾ ಹಾಡು ಹಾಕುವುದಿಲ್ಲ. ಹಾಕಬೇಕಾದರೆ ಅದಕ್ಕೆ ಲೈಸೆನ್ಸ್ ಬೇಕು, ದುಡ್ಡು ಕಟ್ಟಬೇಕು. ಇದನ್ನು ಹೇಳಿದರೆ ಎಲ್ಲರೂ "ಯಾರು ನೋಡ್ತಾರೆ ಬಿಡಿ" ಅನ್ನುತ್ತಾರೆ. ಯಾರೂ ನೋಡಲ್ಲ, ಕೇಳುವುದೂ ಇಲ್ಲ. ಅದು ಬೇರೆ ವಿಷಯ.

ಕೇಳುಗರು ಎಷ್ಟು ಜನ ಅಂತ ಪರದೆಯ ಮೂಲೆಯಲ್ಲಿ ತೋರಿಸುತ್ತೆ. ಮೂರು. ಒಂದು, ಅಡುಗೆಮನೆ ಶೆಲ್ಫಿನ ಮೇಲಿರುವ ನನ್ನವಳ ಫೋನು. ನಾನು ಕಾಡಿ ಬೇಡಿ ಹಚ್ಚಿಸಿಟ್ಟಿದ್ದು. ಎರಡು, ಹಾಲ್‌ನಲ್ಲಿರುವ ನನ್ನದೇ ಫೋನು. ಸರಿಯಾಗಿ ಹೋಗ್ತಾ ಇದೆಯಾ ಅಂತ ಆಗಾಗ ಎದ್ದು ಹೋಗಿ ಕಿವಿ ಕೊಡಲು. ಮೂರನೆಯದು ಯಾರದೋ ಗೊತ್ತಿಲ್ಲ.

ಉಗ್ರಾಣದಲ್ಲಿ ಆಡಿದ ಮಾತು ಪರದೇಶದ ಯಾವುದೋ ಸರ್ವರ್ ಮುಟ್ಟಿ ಗೋಡೆಯಾಚೆಯ ಅಡುಗೆಮನೆಗೆ ವಾಪಸು ಬರುವಷ್ಟರಲ್ಲಿ ತಡವಾಗುತ್ತೆ. ದಾರಿ ದೂರ ಅಂತ ಅಲ್ಲ. ಮಾತು ನಡುವೆ ಕಡಿಯದಿರಲಿ ಅಂತ ಕಳಿಸುವ ಕಂಪ್ಯೂಟರ್ ಒಂದಿಷ್ಟು, ಸರ್ವರ್ ಒಂದಿಷ್ಟು, ಕೇಳಿಸುವ ಫೋನು ಒಂದಿಷ್ಟು ಕೂಡಿಟ್ಟುಕೊಂಡು ಆಮೇಲೆ ಬಿಡುತ್ತವೆ. ಬಫರ್ ಅನ್ನುತ್ತಾರೆ. ಹಾಗಾಗಿ ಕುಕ್ಕರ್ ಒಂದು ಸಲ ಕೂಗಿ ಸುಮ್ಮನಾಗಿ, ಇನ್ನೊಂದಕ್ಕೆ ಉಸಿರು ಕಟ್ಟುತ್ತಿರುವಾಗ, ಹಳೇ ಕೂಗು ಶೆಲ್ಫಿನ ಮೇಲಿಂದ ಕೇಳಿಸಿದೆ. ಹಿತ್ತಿಲಲ್ಲಿದ್ದವಳಿಗೆ ಎರಡೂ ಒಂದೇ.

ಇದನ್ನು ನಾನು ಊಟ ಮುಗಿದ ಮೇಲೆ ಒಪ್ಪಿಕೊಂಡೆ. ಅವಳು ಏನೂ ಅನ್ನಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೆ ಗೊತ್ತು, ಏನೂ ಅನ್ನದಿದ್ದರೆ ಅದು ಜಾಸ್ತಿ.

ಸರಿಯಾಗಿ ಎಷ್ಟು ತಡ ಅಂತ ಅಳೆಯಬೇಕು ಅನ್ನಿಸಿತು. ಭಾನುವಾರ ಬೆಳಿಗ್ಗೆ ಉಗ್ರಾಣದಲ್ಲಿ ಕೂತು ಮೈಕಿನ ಮುಂದೆ ಹಿತ್ತಾಳೆ ತಟ್ಟೆಗೆ ಸೌಟಿನಿಂದ ಒಂದು ಬಾರಿಸಿದೆ. ಎದ್ದು ಅಡುಗೆಮನೆಗೆ ಓಡುವಾಗ ಕಂಬಳಿ ಕಾಲಿಗೆ ಸಿಕ್ಕಿ ರಾಗಿ ಮೂಟೆ ಮೇಲೆ ಬಿದ್ದೆ. ಎರಡನೇ ಸಲ ಬಾರಿಸುವಷ್ಟರಲ್ಲಿ ಕಾಂಪೌಂಡ್ ಆಚೆಯಿಂದ ಪಕ್ಕದ ಮನೆ ಮೇಷ್ಟ್ರ ತಲೆ ಕಾಣಿಸಿತು.

"ಏನ್ ಸ್ವಾಮಿ, ಮತ್ತೆ ಕೊರೋನಾ ಬಂತಾ?"

2020ರ ಮಾರ್ಚ್ 22ರ ಸಂಜೆ ಐದಕ್ಕೆ ದೇಶವೇ ತಟ್ಟೆ ಬಡಿದಿತ್ತಲ್ಲ, ಅವತ್ತು ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಜೋರಾಗಿ ಬಡಿದವರು ಅವರೇ. ಫಿಸಿಕ್ಸ್ ಮೇಷ್ಟ್ರು, ರಿಟೈರಾಗಿ ಆರು ವರ್ಷವಾಯಿತು. ವಿಷಯ ಹೇಳಿದೆ. ಹೇಳಬಾರದಿತ್ತು. ಐದು ನಿಮಿಷದಲ್ಲಿ ಅವರು ಬನಿಯನ್ ಮೇಲೊಂದು ಶರಟು ಸಿಕ್ಕಿಸಿಕೊಂಡು ನಮ್ಮ ಅಡುಗೆಮನೆಯಲ್ಲಿದ್ದರು.

"ಓಡಬಾರದು. ಓಡಿದರೆ ಓಡಿದ ಹೊತ್ತೂ ಸೇರುತ್ತೆ. ನೀವು ಅಲ್ಲೇ ಬಡೀರಿ. ಗೋಡೆ ದಾಟಿ ಬರೋ ಸದ್ದಿಗೆ ನಾನು ವಾಚ್ ಶುರು ಮಾಡ್ತೀನಿ, ಫೋನಿಂದ ಬರೋ ಸದ್ದಿಗೆ ನಿಲ್ಲಿಸ್ತೀನಿ. ಐದು ರೀಡಿಂಗ್ ಬೇಕು."

ಬಡಿದೆ. 28 ಸೆಕೆಂಡು. ಮತ್ತೆ ಬಡಿದೆ. 28. ಮೂರನೆಯದು 27. ನಾಲ್ಕನೆಯದು ಲೆಕ್ಕಕ್ಕಿಲ್ಲ, ನಡುವೆ ನನ್ನವಳಿಗೆ ತವರಿನಿಂದ ಫೋನ್ ಬಂತು. ಅವಳು ಮಾತಾಡಿ ಮುಗಿಸುವ ತನಕ ವಿಜ್ಞಾನ ಕಾಯಿತು, ಸುಮಾರು ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಮೇಷ್ಟ್ರು ಶೆಲ್ಫಿನ ಪಕ್ಕ ಕೈಕಟ್ಟಿ ನಿಂತೇ ಇದ್ದರು. ಕುರ್ಚಿ ಹಾಕಿದರೂ ಕೂರಲಿಲ್ಲ. ಲ್ಯಾಬಿನಲ್ಲಿ ಕೂರಬಾರದಂತೆ. ಐದನೆಯದು 28. ಅಷ್ಟಕ್ಕೆ ಬಿಡಲಿಲ್ಲ. ಹಿತ್ತಾಳೆ ತಟ್ಟೆಯ ಸದ್ದು ಗುಂಯ್ ಅಂತ ಎಳೆಯುತ್ತೆ, ಎಲ್ಲಿ ಶುರು ಅಂತ ಖಚಿತವಾಗಲ್ಲ ಅಂತ ಅವರ ತಕರಾರು. ಸ್ಟೀಲ್ ತಟ್ಟೆ ತರಿಸಿದರು. ಸ್ಟೀಲಿಗೂ 28 ಬಂತು.

"ಅದಿರಲಿ, ಫೋನಿಂದ ಬಂದ ಕೂಗು ಮತ್ತೆ ನಿಮ್ಮ ಮೈಕಿಗೆ ಹೋಗಲ್ವಾ? ಹೋದರೆ 28 ಸೆಕೆಂಡಿಗೆ ಮತ್ತೊಂದು, ಅದಾದ ಮೇಲೆ ಮತ್ತೊಂದು. ಒಂದೇ ಕೂಗು ಸಾಕಲ್ಲ, ಕಾಲ ಕಾಲಕ್ಕೂ ಕೂಗ್ತಾನೇ ಇರುತ್ತೆ."

ಫೋನಿನ ಸದ್ದು ಸಣ್ಣದು, ರಾಗಿ ಮೂಟೆ ದಾಟಿ ಬಂದರೂ ಮೈಕಿಗೆ ಸಿಗಲ್ಲ ಅಂದೆ. ಮೇಷ್ಟ್ರಿಗೆ ಬೇಜಾರಾಯಿತು. ನಿಜ ಹೇಳಬೇಕೆಂದರೆ ನನಗೂ.

ಆಮೇಲೆ ಕಾಫಿ ಕುಡಿಯುತ್ತಾ ಕೇಳಿದರು. "ಅಲ್ಲ, ಇದರಿಂದ ನಿಮಗೆ ಏನು ಬರುತ್ತೆ?"

ಒಂದು ಭಾನುವಾರದ ಬೆಳಿಗ್ಗೆ ಪೂರ್ತಿ ಮಂದಿ ಮನೆಯ ಅಡುಗೆಮನೆಯಲ್ಲಿ ನಿಂತು ತಟ್ಟೆ ಬಡಿಸಿದ ಮನುಷ್ಯ ಈ ಪ್ರಶ್ನೆ ಕೇಳಿದರು. ಮದುವೆ ಮನೆಯಲ್ಲಿ ಕೇಳುತ್ತಾರೆ, ಬ್ಯಾಂಕಿನ ಕ್ಯೂನಲ್ಲಿ ಕೇಳುತ್ತಾರೆ, ಕಟಿಂಗ್ ಶಾಪಿನಲ್ಲಿ ಕತ್ತರಿ ಕಿವಿ ಪಕ್ಕ ಇಟ್ಟುಕೊಂಡು ಕೇಳುತ್ತಾರೆ. ದಿನಾ ಸಂಜೆ ಮೂರು ಗಂಟೆ ಟಿವಿ ಮುಂದೆ ಕೂರುವವರನ್ನು ಯಾರಾದರೂ ಏನು ಬರುತ್ತೆ ಅಂತ ಕೇಳಿದ್ದಾರಾ? ನಾನಂತೂ ಕೇಳಿಲ್ಲ. ಇನ್ನು ಮೇಲೆ ಕೇಳುತ್ತೇನೆ. ಮೇಷ್ಟ್ರು ಹೋಗುವಾಗ ಕಪಾಟಿನಿಂದ ಒಂದು ಪುಸ್ತಕ ಬೇರೆ ತೆಗೆದುಕೊಂಡು ಹೋದರು. "ಇವೆಲ್ಲ ಮಕ್ಕಳ ಕಥೆ ಅಲ್ವಾ, ಸುಮ್ನೆ ನೋಡ್ತೀನಿ" ಅಂದರು. ಇನ್ನೂ ಬಂದಿಲ್ಲ. ಆ ಲೇಖಕನ ಮೂರು ಭಾಗದ ಕಾದಂಬರಿಯಲ್ಲಿ ಅದು ಎರಡನೆಯದು. ಒಂದನೆಯದೂ ಮೂರನೆಯದೂ ನನ್ನ ಬಳಿ ಇದ್ದು ಏನು ಪ್ರಯೋಜನ ಹೇಳಿ.

ರಾತ್ರಿ ಮಲಗಿ ಲೆಕ್ಕ ಹಾಕಿದೆ. ಬೆಳಕಾಗಲಿ ರೇಡಿಯೋ ಅಲೆಯಾಗಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತೆ. 28 ಸೆಕೆಂಡಿಗೆ 84 ಲಕ್ಷ. ಉಗ್ರಾಣದಿಂದ ಹೊರಟ ಕೂಗು ಅಡುಗೆಮನೆ ಸೇರುವಷ್ಟರಲ್ಲಿ ಬೆಳಕು ಚಂದ್ರನ ಮನೆಗೆ ಹತ್ತು ಸಲ ಹೋಗಿ ಬಂದು, ಹನ್ನೊಂದನೇ ಸಲ ವಾಪಸು ಬರುತ್ತಾ ನಮ್ಮೂರು ಹತ್ತಿರ ಮಾಡಿರುತ್ತೆ. ಹೀಗಂತ ನನ್ನವಳಿಗೆ ಹೇಳಿದೆ. "ಚಂದ್ರನಲ್ಲೂ ಕಾಳು ಬೇಯಲ್ಲ ಬಿಡಿ" ಅಂತ ಮಗ್ಗುಲಾದಳು.

ನಾನು ಇರುವುದು ಹಾಸನದಲ್ಲಿ ಅನ್ನುವುದೇ ಈ ವಿಷಯದಲ್ಲಿ ದೊಡ್ಡ ಅವಮಾನ. ಇದೇ ಊರಿನ ಸಾಲಗಾಮೆ ರಸ್ತೆಯಲ್ಲಿ ಎಂಸಿಎಫ್, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಇಸ್ರೋದವರು ಅಲ್ಲಿ ಕೂತು ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳಿಗೆ ಅತ್ತ ತಿರುಗು, ಇತ್ತ ತಿರುಗು ಅನ್ನುತ್ತಾರೆ. ಅಪ್ಪಣೆ ಹೋಗಿ ಉತ್ತರ ಬರಲು ಕಾಲು ಸೆಕೆಂಡು ಸಾಕು. ಅಲ್ಲಿಗೆ ಅಷ್ಟು ಬೇಗ. ನನಗೆ ನನ್ನ ಅಡುಗೆಮನೆ 28 ಸೆಕೆಂಡು ದೂರ. ಆ ಎತ್ತರದಲ್ಲಿ ಮೂರು ನಿಲ್ದಾಣ ನಿಲ್ಲಿಸಿದರೆ ಸಾಕು, ಇಡೀ ಭೂಮಿಗೆ ರೇಡಿಯೋ ಕೇಳಿಸಬಹುದು ಅಂತ ಆರ್ಥರ್ ಸಿ. ಕ್ಲಾರ್ಕ್ 1945ರ ಅಕ್ಟೋಬರ್‌ನಲ್ಲೇ ವೈರ್‌ಲೆಸ್ ವರ್ಲ್ಡ್ ಅನ್ನುವ ಪತ್ರಿಕೆಗೆ ಬರೆದಿದ್ದ. ಮುಂದೆ ವೈಜ್ಞಾನಿಕ ಕಥೆಗಳಿಗೇ ಹೆಸರಾದ ಮನುಷ್ಯ. ಮಕ್ಕಳ ಕಥೆಯಂತೆ. ಮೇಷ್ಟ್ರಿಗೆ ಇದನ್ನು ಹೇಳಬೇಕಿತ್ತು, ಆಗ ನೆನಪಾಗಲಿಲ್ಲ. ನನಗೆ ಉತ್ತರವೂ ಬಫರ್ ಆಗಿಯೇ ಬರುತ್ತೆ.

ಏನು ಬರುತ್ತೆ ಅನ್ನುವುದಕ್ಕೂ ಒಂದು ಉತ್ತರ ಇಟ್ಟುಕೊಂಡಿದ್ದೇನೆ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಶುರು ಮಾಡಿದರು. ಟ್ರಾನ್ಸ್‌ಮಿಟರ್ 30 ವ್ಯಾಟಿನದು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ಅವರ ಮನೆಯಲ್ಲಿ ಆಗ ಕುಕ್ಕರ್ ಇರಲಿಲ್ಲ ಅನ್ನುವುದು ನನಗೆ ಸಮಾಧಾನದ ವಿಷಯವೋ ಹೊಟ್ಟೆಕಿಚ್ಚಿನ ವಿಷಯವೋ ಗೊತ್ತಾಗುತ್ತಿಲ್ಲ. 1977ರಲ್ಲಿ ಹೊರಟ ವಾಯೇಜರ್ 1 ಬಾಹ್ಯಾಕಾಶ ನೌಕೆಯ ಟ್ರಾನ್ಸ್‌ಮಿಟರ್ ಅಂತೂ ಇನ್ನೂ ಕಡಿಮೆ, ಸುಮಾರು 23 ವ್ಯಾಟು. ಅದರ ಮಾತು ಭೂಮಿಗೆ ಬರಲು 23 ಗಂಟೆಗೂ ಜಾಸ್ತಿ ಬೇಕು. ಆದರೂ ಕೇಳಿಸಿಕೊಳ್ಳಲು ಇಲ್ಲಿ ದೊಡ್ಡ ದೊಡ್ಡ ಡಿಶ್ ತಿರುಗಿಸಿಕೊಂಡು ಕಾಯುವ ಜನ ಇದ್ದಾರೆ. ನನ್ನ ಮೂರನೇ ಕೇಳುಗ ಯಾರು ಅಂತ ಯೋಚಿಸುವಾಗೆಲ್ಲ ನನಗೆ ಆ ಜನ ನೆನಪಾಗುತ್ತಾರೆ. ಸುಮ್ನೆ ನೆನಪಾಗುತ್ತಾರೆ, ಅಷ್ಟೇ. ಅದು ಸರ್ವರ್ ಬದುಕಿದೆಯಾ ಅಂತ ನೋಡುವ ಯಾವುದೋ ಯಂತ್ರ ಇರಬಹುದು ಅಂತ ಮಗ ಹೇಳಿದ. ಕೇಳದೆ ಹೇಳಿದ. ಈಗಿನ ಹುಡುಗರಿಗೆ ಎಲ್ಲಿ ಸುಮ್ಮನಿರಬೇಕು ಅಂತ ಗೊತ್ತಿಲ್ಲ.

ಮೊನ್ನೆ ಗುರುವಾರ ಮತ್ತೆ ಹುರುಳಿಕಾಳು. ನನ್ನವಳು ಈ ಸಲ ಅಡುಗೆಮನೆ ಬಿಟ್ಟು ಕದಲಲಿಲ್ಲ, ಕಣ್ಣಿಂದ ನೋಡಿಯೇ ಎಣಿಸುತ್ತೇನೆ ಅಂದಳು. ನಾನು ಮೈಕಿನ ಮುಂದೆ, ಯಾವುದೋ ಕಥೆಯಲ್ಲಿ ನೂರು ವರ್ಷದ ಮೇಲೆ ಉತ್ತರ ಬರುವ ಜಾಗದಲ್ಲಿದ್ದೆ. ಹಾಲ್‌ನಿಂದ ಅಮ್ಮನ ದನಿ ಬಂತು.

"ಎಷ್ಟು ಕೂಗಾಯ್ತೋ?"

ಬಾಯಿ ತಪ್ಪಿ ಮೈಕಿನಲ್ಲೇ ಅಂದುಬಿಟ್ಟೆ, "ನಾಲ್ಕಮ್ಮಾ."

ಅಷ್ಟರಲ್ಲಿ ಐದನೆಯದು ಕೂಗಿತು. ನಾನು ಕಥೆ ಮುಂದುವರಿಸಿದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಶೆಲ್ಫಿನ ಮೇಲಿಂದ ನನ್ನದೇ ದನಿ "ನಾಲ್ಕಮ್ಮಾ" ಅಂತ ಗಟ್ಟಿಯಾಗಿ ಹೇಳಿದ್ದು ಕಂಬಳಿ ದಾಟಿ ಕೇಳಿಸಿತು. ಅದರ ಹಿಂದೆಯೇ ನನ್ನವಳು ಫೋನಿಗೆ ಹೇಳುತ್ತಿದ್ದಳು.

"ಐದು ರೀ."