ಹತ್ತು ಸಲ ಬಾಳುವ ಸ್ಟಾಲು

ನಮ್ಮ ಕಂಪನಿ ಪಂಪ್‌ಸೆಟ್ ತಯಾರಿಸುತ್ತದೆ. ಒಮ್ಮೆ ಬೋರ್‌ವೆಲ್ಲಿಗೆ ಇಳಿಸಿದರೆ 15 ವರ್ಷ ಮೇಲೆತ್ತುವ ಮಾತೇ ಇಲ್ಲ ಎಂದು ಕ್ಯಾಟಲಾಗಿನಲ್ಲಿ ಅಚ್ಚು ಹಾಕಿಸಿದ್ದೇವೆ. ಇಂಥ ಪಂಪನ್ನು ವಸ್ತು ಪ್ರದರ್ಶನಗಳಲ್ಲಿ ಜನರಿಗೆ ತೋರಿಸಲು ವರ್ಷಕ್ಕೆರಡು ಸಲ ಕಟ್ಟಿಸುವ ಸ್ಟಾಲಿನ ಆಯುಷ್ಯ ಮಾತ್ರ ಮೂರೇ ದಿನ.

ಆ ಮೂರು ದಿನಕ್ಕಾಗಿ ಮೇಸ್ತ್ರಿಯೂ ಅವನ ಎಂಟು ಜನ ಬಡಗಿಗಳೂ ಮೂರು ರಾತ್ರಿ ಮರದ ಪುಡಿಯಲ್ಲೇ ಮಲಗಿ ಏಳುತ್ತಾರೆ. ಪ್ಲೈವುಡ್ಡು, ಎಂಡಿಎಫ್ಫು ಎಂಬ ಮರದ ನಾರಿನ ಹಲಗೆ, ಪುಟ್ಟಿ, ಬಣ್ಣ, ಅದರ ಮೇಲೆ ವಿನೈಲ್ ಸ್ಟಿಕ್ಕರು. ಉದ್ಘಾಟನೆಯ ಹೊತ್ತಿಗೂ ಬಣ್ಣ ಒಣಗಿರುವುದಿಲ್ಲ. ಒಂದು ಸಲ ಮುಖ್ಯ ಅತಿಥಿಗಳು ಗೋಡೆಗೆ ಒರಗಿ, ನಮ್ಮ ಕಂಪನಿಯ ನೀಲಿಯನ್ನು ಕೋಟಿನ ಬೆನ್ನಲ್ಲಿ ಹೊತ್ತುಕೊಂಡೇ ಹೋದರು. ಕೊನೆಯ ದಿನ ಸಂಜೆ ಆರಕ್ಕೆ ಮೈಕಿನಲ್ಲಿ ವಂದನಾರ್ಪಣೆ, ಆರೂ ಐದಕ್ಕೆ ಹಾರೆ. ಮದುವೆಮನೆಯ ಚಪ್ಪರವನ್ನಾದರೂ ಬಿಚ್ಚುತ್ತಾರೆ. ಸ್ಟಾಲನ್ನು ಒಡೆಯುತ್ತಾರೆ. ರಾತ್ರಿ ಹತ್ತಕ್ಕೆ ಹೋಗಿ ನೋಡಿದರೆ ಹಾಲ್ ತುಂಬ ಭೂಕಂಪವಾದ ಊರು.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತು. ಕೆಡಿಸಿದ್ದು ಒಬ್ಬ ವಿದೇಶಿ ಗಿರಾಕಿ. ನಮ್ಮ ಸ್ಟಾಲಿನ ಹಣೆಯ ಮೇಲಿದ್ದ ‘ನಾಳೆಯ ನೀರು, ಇಂದಿನ ಹೊಣೆ’ ಎಂಬ ಸಾಲಿನ ಅರ್ಥವನ್ನು ಎಂಡಿಯವರಿಂದ ಕೇಳಿ ತಿಳಿದುಕೊಂಡ. ತಲೆದೂಗಿದ. ಆಮೇಲೆ ಗೋಡೆಯನ್ನು ಬೆರಳಿನಿಂದ ತಟ್ಟಿ, ‘ನಾಡಿದ್ದು ಇದು ಎಲ್ಲಿಗೆ ಹೋಗುತ್ತದೆ?’ ಅಂದ. ಎಂಡಿಯವರು ನನ್ನ ಮುಖ ನೋಡಿದರು. ನಾನು ಮೇಸ್ತ್ರಿಯ ಮುಖ ನೋಡಿದೆ. ಮೇಸ್ತ್ರಿ ಹೊರಗೆ ನಿಂತಿದ್ದ ಗುಜರಿ ಟೆಂಪೋ ಕಡೆ ನೋಡಿದ.

ಮರುವಾರವೇ ಒಬ್ಬ ಕನ್ಸಲ್ಟೆಂಟ್ ಬಂದ. ಕಂಪನಿಗೆ ಬೇಕಾಗಿರುವುದು ಮಾಡ್ಯುಲರ್ ಸ್ಟಾಲು, ಅಂದರೆ ಬಿಡಿಬಿಡಿ ಅಲ್ಯೂಮಿನಿಯಂ ಚೌಕಟ್ಟು, ಅದಕ್ಕೆ ಎಳೆದು ಕಟ್ಟುವ ಬಟ್ಟೆ, ಬಿಚ್ಚಿ ಜೋಡಿಸಿ ಹತ್ತು ಸಲ ಬಳಸಬಹುದು ಎಂದು ನಲವತ್ತು ಸ್ಲೈಡುಗಳಲ್ಲಿ ತೋರಿಸಿದ. ಪ್ರತಿ ಸ್ಲೈಡಿನ ಮೂಲೆಯಲ್ಲೂ ಒಂದು ಹಸಿರು ಎಲೆ.

ಬಾಯಿ ತಡೆಯದೆ ನಾನು, ‘ಸಾರ್, ಇದು ಆಕ್ಟಾನಾರ್ಮ್ ಅಲ್ವಾ?’ ಎಂದು ಕೇಳಿಬಿಟ್ಟೆ. ವಸ್ತು ಪ್ರದರ್ಶನಕ್ಕೆ ಹೋದವರೆಲ್ಲ ಅದನ್ನು ನೋಡಿದ್ದೀರಿ, ಹೆಸರು ಗೊತ್ತಿಲ್ಲದಿರಬಹುದು. ಎಂಟು ಮುಖದ ಅಲ್ಯೂಮಿನಿಯಂ ಕಂಬ, ಮುಖಕ್ಕೊಂದು ಸೀಳು, ಸೀಳಿನಲ್ಲಿ ಸಿಕ್ಕಿಸುವ ಬಿಳಿ ಹಲಗೆ, ಬಿಗಿ ಮಾಡಲು ಒಂದು ಅಲೆನ್ ಕೀ. ಜರ್ಮನಿಯವರ ಕಂಪನಿಯ ಹೆಸರು ನಮ್ಮಲ್ಲಿ ವಸ್ತುವಿಗೇ ಅಂಟಿಕೊಂಡಿದೆ. ಮೂರು ಮೀಟರ್ ಅಗಲ, ಮೂರು ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರ. ಒಂದು ಮೇಜು, ಎರಡು ಕುರ್ಚಿ, ಮೂರು ದೀಪ, ಒಂದು ಪ್ಲಗ್ಗು, ಒಂದು ಕಸದ ಬುಟ್ಟಿ, ಮತ್ತು ಹಣೆಯ ಮೇಲೆ ತಪ್ಪು ಕಾಗುಣಿತದಲ್ಲಿ ನಿಮ್ಮ ಹೆಸರು. ನಿನ್ನೆ ಅಗರಬತ್ತಿ ಮಾರಿದ ಗೋಡೆಯೇ ಇವತ್ತು ದಂತವೈದ್ಯರಿಗೆ, ನಾಡಿದ್ದು ಉಪ್ಪಿನಕಾಯಿಗೆ. ಸಣ್ಣ ಉದ್ಯಮದವರು ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ದಶಕಗಳಿಂದ ಪರಿಸರ ಉಳಿಸುತ್ತಿದ್ದಾರೆ. ಅವರಿಗೆ ಯಾರೂ ಸ್ಲೈಡು ತೋರಿಸಿಲ್ಲ.

‘ಅದು ಬಾಡಿಗೆದು ರೀ, ಚಿಕ್ಕವರಿಗೆ. ಇದು ನಮ್ದೇ’ ಅಂದರು ಎಂಡಿಯವರು.

ನಮ್ಮದೇ ಆಯಿತು. ಪ್ಲೈವುಡ್ ಸ್ಟಾಲಿನ ಎರಡೂವರೆ ಪಟ್ಟು ದುಡ್ಡಿಗೆ 14 ಮರದ ಪೆಟ್ಟಿಗೆಗಳಲ್ಲಿ ಬಂದಿಳಿಯಿತು. ಪೆಟ್ಟಿಗೆಯೊಳಗೆ ಫೋಮು, ಫೋಮಿನೊಳಗೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನೊಳಗೆ ಪರಿಸರ ಕಾಳಜಿ. ಮೇಸ್ತ್ರಿ ಅದಕ್ಕೆ ‘ಬಿಚ್ಚೋ ಸ್ಟಾಲು’ ಎಂದು ಹೆಸರಿಟ್ಟ.

ಮೊದಲ ಪ್ರದರ್ಶನ ಬೆಂಗಳೂರಿನ ತುಮಕೂರು ರಸ್ತೆಯ ಮಾದಾವರದಲ್ಲಿ. ಪೆಟ್ಟಿಗೆಗಳು ಎರಡು ಲಾರಿಯಲ್ಲಿ ಹೋದವು. ಇಬ್ಬರು ಹುಡುಗರು ನಾಲ್ಕೇ ಗಂಟೆಯಲ್ಲಿ ಸ್ಟಾಲು ಎಬ್ಬಿಸಿಬಿಟ್ಟರು. ಧೂಳಿಲ್ಲ, ಸದ್ದಿಲ್ಲ, ಬಣ್ಣದ ವಾಸನೆಯಿಲ್ಲ. ನಿಜ ಹೇಳಬೇಕೆಂದರೆ ನನಗೆ ಇಷ್ಟವಾಯಿತು. ಸಂಜೆ ಎಂಡಿಯವರು ಬಂದು ಎದುರು ಸಾಲಿನತ್ತ ನೋಡಿ ಕಲ್ಲಾದರು. ಅಲ್ಲಿ ನಮ್ಮ ಎದುರಾಳಿ ಕಂಪನಿಯ ಸ್ಟಾಲು. ಅದೇ ಚೌಕಟ್ಟು, ಅದೇ ಮೂಲೆ, ಅದೇ ಬಟ್ಟೆ. ಅವರಿಗೂ ಅದೇ ಕನ್ಸಲ್ಟೆಂಟ್, ಪ್ರಾಯಶಃ ಅದೇ ಎಲೆ.

‘ಮೇಸ್ತ್ರಿನ ಕರೀರಿ’ ಅಂದರು.

ರಾತ್ರಿ ಹನ್ನೊಂದಕ್ಕೆ ಮೇಸ್ತ್ರಿ ಟೆಂಪೋ ತುಂಬ ಪ್ಲೈವುಡ್ ತಂದ. ಮಾಡ್ಯುಲರ್ ಚೌಕಟ್ಟು ಕಾಣದ ಹಾಗೆ ಸುತ್ತಲೂ ಪ್ಲೈವುಡ್ ಹೊಡೆದ. ಬರೀ ಪ್ಲೈವುಡ್ ಕಂಡರೆ ಪರಿಸರ ಸ್ನೇಹಿ ಅನ್ನಿಸುವುದಿಲ್ಲವೆಂದು ಅದರ ಮೇಲೆ ಬಿದಿರಿನ ಚಿತ್ರವಿರುವ ವಿನೈಲ್ ಅಂಟಿಸಲಾಯಿತು. ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು, ಗೋಡೆಗೆ ಪ್ಲಾಸ್ಟಿಕ್ ಬಳ್ಳಿ. ಹಿಂಬದಿಗೆ 12 ಅಡಿಯ ಫ್ಲೆಕ್ಸು. ಅದರಲ್ಲಿ ಅಂಗೈಯಲ್ಲಿ ಸಸಿ ಹಿಡಿದ ಎಂಡಿಯವರು. ಫ್ಲೆಕ್ಸಿಗೆ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆಯಲ್ಲ ಎಂದು ಕೇಳಿದೆ. ‘ಅದು ರಸ್ತೆಗೆ ರೀ, ಹಾಲ್‌ಗಲ್ಲ’ ಎಂಬ ಉತ್ತರ ಬಂತು. ಕೇಂದ್ರದವರೂ 2022ರ ಜುಲೈ 1ರಿಂದ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರನ್ನು ನಿಲ್ಲಿಸಿದ್ದಾರೆ ಎಂದೆ. ಎಂಡಿಯವರ ಮುಖ ಅರಳಿತು. ‘ನಮ್ದು ದಪ್ಪ ಇದೆ. ದಪ್ಪ ಇದ್ದಷ್ಟೂ ಪರಿಸರಕ್ಕೆ ಒಳ್ಳೇದು!’

ಆ ವರ್ಷ ನಮಗೆ ಅತ್ಯುತ್ತಮ ಸುಸ್ಥಿರ ಸ್ಟಾಲ್ ಪ್ರಶಸ್ತಿ ಬಂತು. ಅಕ್ರಿಲಿಕ್ಕಿನದು, ಥರ್ಮೋಕೋಲ್ ಪೆಟ್ಟಿಗೆಯಲ್ಲಿ.

ಎರಡನೇ ಪ್ರದರ್ಶನದಲ್ಲಿ ಜಾಗ ಉದ್ದಕ್ಕೆ ಸಿಕ್ಕಿತು, ನಮ್ಮ ಸ್ಟಾಲು ಚೌಕ. ಜೋಡಿಸಿದರೆ ಒಂದು ಕಡೆ ಎರಡು ಮೀಟರ್ ದಾರಿಗೆ ಚಾಚಿಕೊಂಡಿತು, ಇನ್ನೊಂದು ಕಡೆ ಆಕಾಶ. ಹೇಗೆ ಬೇಕಾದರೂ ಜೋಡಿಸಬಹುದು ಎಂದಿದ್ದ ಕನ್ಸಲ್ಟೆಂಟಿಗೆ ಫೋನ್ ಮಾಡಿದೆವು. ಜೋಡಿಸಬಹುದು, ಅದಕ್ಕೆ ಇನ್ನೂ ನಾಲ್ಕು ಪೆಟ್ಟಿಗೆ ಕೊಳ್ಳಬೇಕು ಎಂದ. ಮೂರನೆಯದರ ಹೊತ್ತಿಗೆ ಎಂಡಿಯವರ ಮಗ ಅಮೆರಿಕದಿಂದ ಓದಿ ಬಂದು ಲೋಗೋದ ನೀಲಿಯನ್ನು ಇನ್ನೊಂದು ನೀಲಿ ಮಾಡಿದ. ಎರಡಕ್ಕೂ ವ್ಯತ್ಯಾಸ ನನಗೆ ಇವತ್ತಿಗೂ ಕಂಡಿಲ್ಲ, ಆದರೆ ಹಳೆಯ ನೀಲಿಯ ಬಟ್ಟೆ ಇಡೀ ಬೇಡವಾಯಿತು. ನಾಲ್ಕನೆಯದಕ್ಕೆ ಅಲೆನ್ ಕೀ ಸಿಗಲಿಲ್ಲ. ನಗಬೇಡಿ, ಹದಿನಾಲ್ಕು ಪೆಟ್ಟಿಗೆ ಹುಡುಕಿದರೂ ಸಿಗಲಿಲ್ಲ. ‘ಈ ಸಲ ಪ್ಲೈವುಡ್ಡೇ ಹೊಡೆಸಿ’ ಎಂದರು.

ಕಬ್ಬಿಣವನ್ನೇ ಬಿಚ್ಚಿ ಜೋಡಿಸುವ ವಿದ್ಯೆ ಹೊಸದೇನಲ್ಲ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜಗತ್ತಿನ ಮಹಾ ವಸ್ತು ಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದ ಜೋಸೆಫ್ ಪ್ಯಾಕ್ಸ್‌ಟನ್ ತೋಟಗಾರಿಕೆಯಿಂದ ಬಂದವನು. ಒಂದೇ ಅಳತೆಯ ಕಬ್ಬಿಣದ ಕಂಬಗಳು, ಸುಮಾರು ಮೂರು ಲಕ್ಷ ಗಾಜಿನ ತುಂಡುಗಳು. ಪ್ರದರ್ಶನ ಮುಗಿದ ಮೇಲೆ ಹಾರೆ ತರಲಿಲ್ಲ. ಬಿಚ್ಚಿ ಸಿಡನ್‌ಹ್ಯಾಮ್‌ಗೆ ಸಾಗಿಸಿ, 1854ರ ಹೊತ್ತಿಗೆ ಅಲ್ಲಿ ಮತ್ತೆ ನಿಲ್ಲಿಸಿದರು. 1936ರಲ್ಲಿ ಬೆಂಕಿಗೆ ಸಿಗುವವರೆಗೂ ಅದು ನಿಂತಿತ್ತು. ಅದನ್ನು ನೋಡಿಯೇ ನಮ್ಮ ಲಾಲ್‌ಬಾಗಿನ ಗಾಜಿನ ಮನೆ. 1889ರಲ್ಲಿ ಅಡಿಗಲ್ಲು, ಕಬ್ಬಿಣದ ಭಾಗಗಳು ಗ್ಲಾಸ್ಗೋದಲ್ಲಿ ಎರಕ ಹೊಯ್ದು ಬಂದವು. 1935ರಲ್ಲಿ ಜಾಗ ಸಾಲದೆಂದು ಭದ್ರಾವತಿಯ ಉಕ್ಕು ತಂದು ಪೂರ್ವಕ್ಕೆ ಬೆಳೆಸಿದರು. 46 ವರ್ಷದ ಮೇಲೆ ಭದ್ರಾವತಿ ಗ್ಲಾಸ್ಗೋಗೆ ಹೊಂದಿಕೊಂಡಿತು. ಈಗಲೂ ಜನವರಿ, ಆಗಸ್ಟಿನ ಫಲಪುಷ್ಪ ಪ್ರದರ್ಶನ ಅದರಡಿಯಲ್ಲೇ. ನಮ್ಮ ಸ್ಟಾಲು ಆರೇ ತಿಂಗಳಲ್ಲಿ ತನಗೆ ತಾನೇ ಹೊಂದಿಕೊಳ್ಳಲಿಲ್ಲ.

ಅಷ್ಟು ದೂರ ಯಾಕೆ, ನಮ್ಮೂರ ತೇರು ನೋಡಿ. ಗಾಲಿ, ಅಚ್ಚು, ಕೆತ್ತನೆಯ ಅಡಿ ವರ್ಷವಿಡೀ ತಗಡಿನ ಶೆಡ್ಡಿನಲ್ಲಿರುತ್ತವೆ. ಜಾತ್ರೆಗೆ ಎಂಟು ದಿನ ಇದೆ ಎನ್ನುವಾಗ ಹೊರಗೆ ಎಳೆದು, ಗಳ ಕಟ್ಟಿ, ಬಟ್ಟೆ ಸುತ್ತಿ, ಮೇಲೆ ಕಳಶ ಇಡುತ್ತಾರೆ. ಜಾತ್ರೆ ಮುಗಿದರೆ ಬಿಚ್ಚಿ ಒಳಗೆ. ಪಕ್ಕದೂರಿನ ತೇರೂ ಹೀಗೇ ಇದೆಯಲ್ಲ ಎಂದು ದೇವರು ಒಂದು ದಿನವೂ ಮುನಿಸಿಕೊಂಡಿಲ್ಲ. ಆ ಜಾತ್ರೆಯಲ್ಲಿ ಬಳೆ ಮಾರುವಾಕೆಯ ಅಂಗಡಿಯಂತೂ ನಾಲ್ಕು ಗಳ, ಒಂದು ಟಾರ್ಪಾಲು, ಹಗ್ಗ. ಹದಿನೈದು ನಿಮಿಷದಲ್ಲಿ ಅಂಗಡಿ ಎದ್ದು ನಿಲ್ಲುತ್ತದೆ, ಮಳೆ ಬಂದರೆ ಐದು ನಿಮಿಷದಲ್ಲಿ ಮಾಯ. ಅಲೆನ್ ಕೀ ಕಳೆದುಹೋಗುವ ಪ್ರಶ್ನೆಯೇ ಇಲ್ಲ.

ನಮ್ಮ 14 ಪೆಟ್ಟಿಗೆ ನೆಲಮಂಗಲದ ಬಳಿಯ ಗೋಡೌನಿನಲ್ಲಿ ಒಂದೂವರೆ ವರ್ಷ ಮಲಗಿದವು. ತಿಂಗಳು ತಿಂಗಳೂ ಬಾಡಿಗೆ. ವರ್ಷದ ಲೆಕ್ಕ ನೋಡುವಾಗ ಆಡಿಟರು, ‘ಈ ಬಾಡಿಗೆಯಲ್ಲಿ ವರ್ಷಕ್ಕೊಂದು ಪ್ಲೈವುಡ್ ಸ್ಟಾಲು ಕಟ್ಟಬಹುದಿತ್ತಲ್ರೀ’ ಎಂದರು. ಕೊನೆಗೆ ಅಲ್ಯೂಮಿನಿಯಂ ಕೆ.ಜಿ. ಲೆಕ್ಕದಲ್ಲಿ ಹೋಯಿತು. ಅದೇ ಗುಜರಿ ಟೆಂಪೋ. ಸುಸ್ಥಿರತೆ ವರದಿಯಲ್ಲಿ ಆ ಸಾಲು ‘ನೂರಕ್ಕೆ ನೂರು ಮರುಬಳಕೆ’ ಎಂದು ದಾಖಲಾಗಿದೆ. ಬರೆದವನು ನಾನೇ.

ಹೋದ ತಿಂಗಳು ಮೇಸ್ತ್ರಿಗೆ ಬಾಕಿ ಹಣ ಕೊಡಲು ಅವನ ಶೆಡ್ಡಿಗೆ ಹೋಗಿದ್ದೆ. ಜೋರು ಮಳೆ, ಒಳಗೆ ಕರೆದು ಕೂರಿಸಿದ. ಗೋಡೆಗಳೆಲ್ಲ ಬಿದಿರಿನ ಚಿತ್ರದವು, ಎಲ್ಲೋ ನೋಡಿದ ಹಾಗಿತ್ತು. ಬಾಗಿಲ ಹಲಗೆಯ ಮೇಲೆ ‘ಇಂದಿನ ಹೊಣೆ’ ಅಷ್ಟೇ ಉಳಿದಿತ್ತು. ಮಕ್ಕಳು ಪ್ಲಾಸ್ಟಿಕ್ ಹುಲ್ಲಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದರು. ತಲೆಯೆತ್ತಿದರೆ ಸೂರಿನ ತುಂಬ ಸಸಿ ಹಿಡಿದ ಎಂಡಿಯವರು ಅಂಗಾತ ನಗುತ್ತಿದ್ದರು.

‘ಎಷ್ಟು ದಿನ ಆಯ್ತು ಮೇಸ್ತ್ರಿ ಇದು ಹಾಕಿ?’

‘ಇದು ಮೂರನೇ ಮಳೆಗಾಲ ಸಾರ್. ದಪ್ಪ ಐತೆ, ಏನೂ ಆಗಿಲ್ಲ. ಸಾಹೇಬ್ರ ಮೂಗಿನ ಹತ್ರ ಮಾತ್ರ ಒಂದು ತೂತು’ ಅಂದ ಮೇಸ್ತ್ರಿ, ನನ್ನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಆ ಜಾಗಕ್ಕೆ ಬಕೆಟ್ ಇಟ್ಟ.