ಮತ್ತೆ ಕಟ್ಟಾಕಿದ್ರು ನೋಡಿ

ಹಾಲಿವುಡ್ಡಿನ ಅವತಾರ್ ಸಿನಿಮಾಗಳಲ್ಲಿ ಕಥೆ ಇಲ್ಲ ಅಂತ ಇನ್ನೂ ಬಾಯಿ ಬಡ್ಕೊಳೋರು ಇದಾರಲ್ಲ, ಅವ್ರನ್ನ ಕಂಡ್ರೆ ಪಾಪ ಅನ್ಸುತ್ತೆ. ಐಮ್ಯಾಕ್ಸಲ್ಲಿ ತ್ರೀಡಿ ಕನ್ನಡಕ ಏರಿಸ್ಕೊಂಡು ಕೂತಿದೀರ, ಮೂಗಿನ ತುದೀಗೇ ಮೀನು ಬಂದು ಬಾಲ ಅಲ್ಲಾಡಿಸಿ ಹೋಗ್ತಿದೆ, ಆಗ್ಲೂ ಕಥೆ ಎಲ್ಲಿ ಅಂದ್ರೆ ಹೆಂಗೆ? ನೀವು ದುಡ್ಡು ಕೊಟ್ಟಿದ್ದೇ ಮೀನಿಗೆ ಕಣ್ರೀ.

2009ರ ಮೊದಲ್ನೇ ಭಾಗಕ್ಕೆ ಒಂಬತ್ತು ಆಸ್ಕರ್ ನಾಮಿನೇಷನ್ ಬಂತು, ಮೂರು ಗೆದ್ದಿತು: ಕ್ಯಾಮೆರಾ, ಆರ್ಟ್ ಡೈರೆಕ್ಷನ್, ವಿಷುಯಲ್ ಎಫೆಕ್ಟ್ಸ್. ಚಿತ್ರಕಥೆಗೆ ನಾಮಿನೇಷನ್ನೂ ಇರ್ಲಿಲ್ಲ. ಆಸ್ಕರ್‌ನೋರೇನ್ ದಡ್ಡರಾ, ಹುಡುಕಿ ಸಿಗದೇ ಇರೋದಕ್ಕೆ ಹೆಂಗ್ ಕೊಡ್ತಾರೆ.

ಅದ್ರಲ್ಲಿ ಒಂದು ಬೂದು ಕಲ್ಲಿತ್ತು, ಜ್ಞಾಪಕ ಇದೆಯಾ? ಕೆಜಿಗೆ ಎರಡು ಕೋಟಿ ಡಾಲರ್ ಅಂತ, ಭೂಮಿಯಿಂದ ಬೇರೆ ಲೋಕಕ್ಕೆ ಗಣಿ ತೋಡೋಕೆ ಬಂದ ಕಂಪ್ನಿಯವನು ಮೇಜಿನ ಮೇಲೆ ತೋರಿಸ್ತಾನೆ, ಅದಕ್ಕೋಸ್ಕರ ಅಲ್ಲಿನ ನೀಲಿ ಮೈ ಜನರ ಇಡೀ ಕುಲ ವಾಸ ಮಾಡ್ತಿದ್ದ ಮಹಾಮರಾನೇ ಬೀಳಿಸ್ತಾರೆ, ಥಿಯೇಟರ್‌ನಲ್ಲಿ ಜನ ಕಣ್ಣೊರೆಸ್ಕೋತಾರೆ. ಹದಿಮೂರು ವರ್ಷ ಆದ್ಮೇಲೆ ಎರಡನೇ ಭಾಗ ಬಂತು, ಕಲ್ಲಿನ ಸುದ್ದೀನೇ ಇಲ್ಲ! ಈಗ ತಿಮಿಂಗಿಲದಂಥ ಪ್ರಾಣಿಯ ಮಿದುಳಲ್ಲಿರೋ ರಸ ಬೇಕಂತೆ, ಅದಿದ್ರೆ ಮನುಷ್ಯರಿಗೆ ಮುಪ್ಪು ಬರಲ್ವಂತೆ, ಅದರ ಹೆಸರು ಅಮೃತ. ಸಮುದ್ರ ಕಡೆದು ಅಮೃತ ತೆಗೆಯೋ ಐಡಿಯಾ ಎಲ್ಲಿಂದ ಬಂತು ಅಂತ ನಾನೇನೂ ಕೇಳಲ್ಲಪ್ಪ.

ಕೆಲ್ಸದಲ್ಲಿ ಶ್ರದ್ಧೆ ಇಲ್ಲ ಅಂತ ಮಾತ್ರ ಯಾರೂ ಅನ್ನಂಗಿಲ್ಲ. ದೊಡ್ಡ ನೀರಿನ ಟ್ಯಾಂಕ್ ಕಟ್ಸಿ, ಮೇಲಿನ ಲೈಟು ನೀರಲ್ಲಿ ಮಿಂಚಿ ಕ್ಯಾಮೆರಾಗಳಿಗೆ ಕಾಟ ಕೊಡಬಾರ್ದು ಅಂತ ನೀರಿನ ಮೇಲೆಲ್ಲಾ ಪುಟ್ಟಪುಟ್ಟ ಬಿಳಿ ಚೆಂಡು ತೇಲಿಬಿಟ್ಟು, ಅದ್ರಡಿ ನಟರನ್ನ ಉಸಿರು ಬಿಗಿಹಿಡಿಸಿ ಮುಳುಗಿಸಿದಾರೆ. ಕೇಟ್ ವಿನ್‌ಸ್ಲೆಟ್ ಏಳು ನಿಮಿಷಕ್ಕೂ ಹೆಚ್ಚು ಉಸಿರು ಹಿಡಿದಿದ್ರು. ಅಷ್ಟು ಹೊತ್ತಲ್ಲಿ ಕಥೆ ಬರೆದು ಮುಗಿಸ್ಬೋದಿತ್ತು, ಬಹುಶಃ ಮುಗಿಸಿದ್ದೂ ಹಂಗೇ. ಆ ನೀಲಿ ಜನಕ್ಕೆ ಅಂತ ಪಾಲ್ ಫ್ರಾಮರ್ ಅನ್ನೋ ಭಾಷಾತಜ್ಞರು ವ್ಯಾಕರಣ ಸಮೇತ ಒಂದು ಭಾಷೇನೇ ಕಟ್ಟಿಕೊಟ್ರು. ಎರಡನೇ ಭಾಗದಲ್ಲಿ ಹುಡುಗ್ರು ಮಾತೆತ್ತಿದ್ರೆ ಬ್ರೋ, ಬ್ರೋ. ನಮ್ಮೂರ ಬಸ್‌ಸ್ಟ್ಯಾಂಡಲ್ಲೂ ಫ್ರೀಯಾಗಿ ಸಿಗ್ತಿತ್ತಲ್ಲ ಸ್ವಾಮಿ.

ವಿಲನ್ ಕರ್ನಲ್ ಮೊದಲ್ನೇ ಭಾಗದಲ್ಲೇ ಎದೆಗೆ ಬಾಣ ತಿಂದು ಸತ್ತ. ಸತ್ರೇನು, ನೆನಪು ಮೊದ್ಲೇ ಕಾಪಿ ಮಾಡಿಟ್ಟಿದ್ರಂತೆ, ನೀಲಿ ಮೈಯಲ್ಲಿ ವಾಪಸ್ ಬಂದು ತನ್ನ ಹಳೇ ತಲೆಬುರುಡೇನ ತಾನೇ ಕೈಯಲ್ಲಿ ಪುಡಿ ಮಾಡ್ತಾನೆ. ಬಂದು ಮಾಡೋದೇನಪ್ಪಾ ಅಂದ್ರೆ ಹೀರೋ ಮಕ್ಕಳನ್ನ ಹಿಡಿಯೋದು, ಅವು ತಪ್ಪಿಸ್ಕೊಳೋದು, ಆಮೇಲೆ ಮತ್ತೆ ಹಿಡಿಯೋದು. ಕೊನೇ ಮಗಳು ಟುಕ್, ಪುಟ್ಟ ಕೂಸು, ಮತ್ತೆ ನನ್ನನ್ನ ಕಟ್ಟಾಕಿದಾರಲ್ಲ ಅಂತ ಅವ್ಳೇ ಗೊಣಗ್ತಾಳೆ! ಮೂರು ಗಂಟೆ ಹನ್ನೆರಡು ನಿಮಿಷದ ಸಿನಿಮಾದಲ್ಲಿ ಚಿತ್ರಕಥೆ ಬಗ್ಗೆ ನಿಜ ಹೇಳಿದ್ದು ಆ ಮಗು ಒಂದೇ. ನಮ್ಮ ಹಳೇ ಸಿನಿಮಾಗಳಲ್ಲಿ ಗೋಡೌನಲ್ಲಿ ತಾಯಿ ತಂಗೀನ ಕಂಬಕ್ಕೆ ಕಟ್ಟಿದ್ರೆ ಔಟ್‌ಡೇಟೆಡ್ ಅಂತ ನಗ್ತೀವಿ, ಇಲ್ಲಿ ಹಡಗಿಗೆ ಕಟ್ಟಿದ್ರೆ ವರ್ಲ್ಡ್ ಬಿಲ್ಡಿಂಗು, ಹೊಸ ಲೋಕಾನೇ ಕಟ್ಟೋದಂತೆ.

2025ರಲ್ಲಿ ಬಂದ ಮೂರನೇ ಭಾಗಕ್ಕೆ ಬೆಂಕಿ ಬೂದಿ ಅಂತ ಹೆಸರು, ಕ್ಲೈಮ್ಯಾಕ್ಸಿಗೆ ಬಂದ್ರೆ ಮತ್ತೆ ಸಮುದ್ರ, ಮತ್ತೆ ಅದೇ ಕರ್ನಲ್ಲು. ಟ್ಯಾಂಕಲ್ಲಿ ನೀರು ಉಳಿದಿತ್ತೇನೋ.

ಹಂಗಂತ ನಾವು ಬಿಟ್ವಾ? ಮೊದಲ್ನೇದು 290 ಕೋಟಿ ಡಾಲರ್ ದಾಟ್ತು, ಎರಡನೇದು 230 ಕೋಟಿ. ಹೊರಗೆ ಬಂದು ಹೀರೋ ಹೆಸ್ರೇನು ಅಂದ್ರೆ ಅದೇ ಗುರು, ನೀಲಿ ಇರ್ತಾನಲ್ಲ, ಅಂತೀವಿ. ನಮ್ಮೋನೊಬ್ಬ ಇದೇ ಚೆಂದಕ್ಕೆ ಹಾಡು ಫೈಟು ಹಾಕಿ ತೆಗೆದಿದ್ರೆ ಇಂಟರ್‌ವಲ್‌ಗೇ ರಿವ್ಯೂ ಬರೆದು ಸ್ಕ್ರಿಪ್ಟ್ ಎಲ್ಲಪ್ಪ ಅಂತಿದ್ವಿ, ಇಲ್ಲಿ ಮಾತ್ರ ಎಕ್ಸ್‌ಪೀರಿಯನ್ಸ್ ಮಾಡ್ಬೇಕು ಬ್ರೋ.

ನಾಲ್ಕನೇದಕ್ಕೆ 2029ರ ಡಿಸೆಂಬರ್, ಐದನೇದಕ್ಕೆ 2031 ಅಂತ ಡೇಟ್ ಕೊಟ್ಟಿದಾರೆ. ಕಥೆ ಬರೆಯೋಕೆ ಟೈಮ್ ಇಲ್ದೆ ಇಲ್ಲ. ಟುಕ್ ಅಷ್ಟೊತ್ತಿಗೆ ದೊಡ್ಡವಳಾಗಿರ್ತಾಳೆ, ಹಗ್ಗ ಸ್ವಲ್ಪ ಉದ್ದಂದು ತರ್ಬೇಕು.